ಮೂರನೆಯವರ ಉತ್ತರವನ್ನೂ ಅಚ್ಚು ಮಾಡಿ

ಮಾನ್ಯ ಸಂಪಾದಕರೇ,

2021ರಲ್ಲೇ ಅವಧಿ ಮುಗಿದು, ಆ ಮೇಲೆ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಲೇ ಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆಗಳ ಮಾತು ನಮ್ಮ ಹೊಸನಗರ ತಾಲ್ಲೂಕಿನಲ್ಲಿ ಮತ್ತೆ ಕೇಳಿಬರುತ್ತಿದೆ. ಅವು ಯಾವಾಗ ನಡೆದರೂ ಯಾರಿಗೆ ಮತ ಹಾಕಬೇಕೆಂದು ನಾನಿನ್ನೂ ತೀರ್ಮಾನಿಸಿಲ್ಲ. ಮುಂದಿನ ವಿಧಾನಸಭಾ ಚುನಾವಣೆಯ ಮಟ್ಟಿಗೂ ಅಷ್ಟೇ. ಎರಡು ದೊಡ್ಡ ಪಕ್ಷಗಳಲ್ಲಿ ಒಂದನ್ನು ಆರಿಸಲು ಮನಸ್ಸು ಒಪ್ಪುತ್ತಿಲ್ಲ, ಮೂರನೆಯವರನ್ನು ಆರಿಸೋಣವೆಂದರೆ ಅವರ ವಿಚಾರ ತಿಳಿಯುವ ದಾರಿ ಕಾಣುತ್ತಿಲ್ಲ. ಮೊದಲನೆಯದು ನಾನೇ ಬಗೆಹರಿಸಿಕೊಳ್ಳಬೇಕಾದ ವಿಷಯ. ಎರಡನೆಯದಕ್ಕೆ ತಮ್ಮ ಪತ್ರಿಕೆ ನೆರವಾಗಬಲ್ಲದು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಕೊಯ್ಲಿನ ಕಾಲದಲ್ಲಿ ನಮ್ಮಲ್ಲಿ ರಾತ್ರಿಯವರೆಗೂ ಅಡಿಕೆ ಸುಲಿತ ನಡೆಯುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು ಎಲೆಚುಕ್ಕೆ ರೋಗಕ್ಕೆ ಹೊಡೆದ ಔಷಧಿಯ ಖರ್ಚಿನಿಂದ ಹಿಡಿದು ಸಾಗುವಳಿ ಮಾಡಿಕೊಂಡು ಬಂದ ಸರ್ಕಾರಿ ಜಮೀನಿನ ಮಂಜೂರಾತಿಗೆಂದು ಫಾರಂ 57ರಲ್ಲಿ ಕೊಟ್ಟ ಬಗರ್‌ಹುಕುಂ ಅರ್ಜಿಯವರೆಗೆ, ಮಂಗನ ಕಾಯಿಲೆಯ ಭಯದಲ್ಲೇ ತರಗೆಲೆ ಗುಡಿಸಲು ಕಾಡಿಗೆ ಹೋಗಬೇಕಾದ ಪಾಡಿನವರೆಗೆ ಎಲ್ಲವನ್ನೂ ಮಾತಾಡುತ್ತಾರೆ. ಇಂಥ ಒಂದು ರಾತ್ರಿ ನಾನು, ಈ ಸಲ ಮೂರನೆಯವರಿಗೆ ಹಾಕಿದರೆ ಹೇಗೆ ಎಂದು ಕೇಳಿದೆ. "ಗೆಲ್ಲೋರಿಗೆ ಹಾಕಿ ಅಕ್ಕಾ, ಸುಮ್ನೆ ಓಟು ಹಾಳು ಮಾಡ್ಕಬೇಡಿ" ಎಂಬ ಉತ್ತರ ತಡವಿಲ್ಲದೆ ಬಂತು. ಅಷ್ಟು ಹೊತ್ತು ತಮ್ಮ ಕಷ್ಟಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದವರು, ಮತದ ವಿಷಯ ಬಂದ ಕೂಡಲೇ ಆ ಕಷ್ಟಗಳನ್ನು ಬದಿಗಿಟ್ಟು ಗೆಲ್ಲುವವರು ಯಾರೆಂಬ ಲೆಕ್ಕಕ್ಕೆ ಇಳಿದದ್ದು ನನಗೆ ಬಹಳ ನೋವು ತಂದಿತು.

ಈ ಲೆಕ್ಕದ ಹಿಂದೆ ಹುರುಳಿಲ್ಲವೆಂದು ನಾನು ಹೇಳಲಾರೆ. ನಮ್ಮ ಭಾವನವರು ಕೇಳುವ ಪ್ರಶ್ನೆ ನೇರವಾದದ್ದು: ಸೋಲುವವರಿಗೆ ಮತ ಹಾಕಿದರೆ ಹಳ್ಳಕ್ಕೆ ಕಾಲುಸಂಕ ಕಟ್ಟಿಸುವವರು ಯಾರು? ನಮ್ಮ ಕೇರಿಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಹಳ್ಳವೊಂದಿದೆ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಗಂಡಸರು ಎರಡು ಅಡಿಕೆ ಮರಗಳನ್ನು ಜೋಡಿಸಿ ಹಾಕಿ, ಕೈ ಆಸರೆಗೆ ಬಿದಿರಿನ ಗಳ ಕಟ್ಟುತ್ತಾರೆ. ಆಷಾಢದ ಹೊತ್ತಿಗೆ ಮರದ ಮೇಲೆ ಪಾಚಿ ಕಟ್ಟಿ ಕಾಲು ಜಾರುತ್ತದೆ, ನೀರು ಮರವನ್ನು ಮುಟ್ಟಿದ ದಿನ ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತೇವೆ. ನಾವು ಗೆಲ್ಲುವವರನ್ನೇ ನೋಡಿ ಮತ ಹಾಕಿದ್ದೇವೆ, ಎರಡೂ ದೊಡ್ಡ ಪಕ್ಷದವರು ಸರದಿಯ ಮೇಲೆ ಗೆದ್ದಿದ್ದಾರೆ, ಸಂಕ ಮಾತ್ರ ಇಂದಿಗೂ ಅಡಿಕೆ ಮರದ್ದೇ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಅದರ ಹಿನ್ನೀರು ದಾಟಲು ಲಾಂಚ್ ಕಾಯುತ್ತಿದ್ದ ತುಮರಿ ಭಾಗದ ಜನರಿಗೆ ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಈ ನಡುವೆ ಗೆದ್ದವರಿಗೇನೂ ಕೊರತೆ ಇರಲಿಲ್ಲ.

ಮತ ಹಾಳಾಗುತ್ತದೆ ಎಂಬ ಮಾತು ನಮ್ಮ ನೆಲದಲ್ಲಿ ಹುಟ್ಟಬಾರದಾಗಿತ್ತು. 1951ರಲ್ಲಿ ಗೇಣಿ ರೈತರ ಕಾಗೋಡು ಸತ್ಯಾಗ್ರಹ ನಡೆಯಿತು, ಮರುವರ್ಷದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ–ಹೊಸನಗರದ ಜನ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಆ ಪಕ್ಷ ಈ ರಾಜ್ಯವನ್ನು ಎಂದೂ ಆಳಲಿಲ್ಲ. ಆದರೆ ಉಳುವವನಿಗೆ ಭೂಮಿ ಸಿಗಬೇಕೆಂಬ ಕೂಗು ಸದನದ ಒಳಗೂ ಹೊರಗೂ ತಣ್ಣಗಾಗದಂತೆ ನೋಡಿಕೊಂಡವರಲ್ಲಿ ಗೋಪಾಲಗೌಡರು ಮುಖ್ಯರು. ಅವರು 1972ರಲ್ಲಿ ತೀರಿಕೊಂಡರು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನು ತೆಗೆದುಹಾಕುವ ತಿದ್ದುಪಡಿ ಜಾರಿಗೆ ಬಂದಾಗ ಅಧಿಕಾರದಲ್ಲಿದ್ದದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. ಗೇಣಿ ಹೋಗಿ ಸ್ವಂತದ್ದಾದ ತೋಟದ ಅಡಿಕೆಯನ್ನು ಸುಲಿಯುತ್ತ ಕೂತ ನಾವು, 1952ರ ಆ ಮತಗಳು ಹಾಳಾದವು ಎಂದು ಯಾವ ಬಾಯಿಂದ ಹೇಳುವುದು? ರಾಜ್ಯ ರೈತ ಸಂಘ 1980ರಲ್ಲಿ ಹುಟ್ಟಿದ್ದೂ ಇದೇ ಶಿವಮೊಗ್ಗದಲ್ಲಿ.

ಹಾಗೆಂದು ಮೂರನೆಯವರು ಎಂದಾಕ್ಷಣ ನಂಬಿಬಿಡುವುದಕ್ಕೂ ನಮ್ಮ ಜಿಲ್ಲೆಯ ಅನುಭವ ಬಿಡುವುದಿಲ್ಲ. ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ 1994ರಲ್ಲಿ 10 ಸ್ಥಾನ ಗೆದ್ದಿತು. 1999ರ ಹೊತ್ತಿಗೆ ಅವರು ಮತ್ತೆ ಕಾಂಗ್ರೆಸ್‌ನಲ್ಲಿದ್ದರು. ಯಡಿಯೂರಪ್ಪನವರ ಕೆಜೆಪಿ 2013ರಲ್ಲಿ 6 ಸ್ಥಾನ ಗೆದ್ದು, ಮರುವರ್ಷದ ಜನವರಿಯಲ್ಲಿ ಬಿಜೆಪಿಯೊಳಗೆ ಸೇರಿಹೋಯಿತು. 2023ರ ಮೇ ತಿಂಗಳಲ್ಲಿ ಶಿವಮೊಗ್ಗ ಗ್ರಾಮಾಂತರದಲ್ಲಿ ಜೆಡಿಎಸ್ ಗೆದ್ದಿತು, ಸೆಪ್ಟೆಂಬರ್‌ನಲ್ಲಿ ಆ ಪಕ್ಷ ಬಿಜೆಪಿ ನೇತೃತ್ವದ ಎನ್‌ಡಿಎ ಸೇರಿತು. ಎರಡೂ ಬೇಡವೆಂದು ಅದಕ್ಕೆ ಮತ ಕೊಟ್ಟವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಇಂಥ ಪಕ್ಷಗಳು ನಾಯಕರಿಗೆ ಮುಂದಿನ ಬಸ್ಸು ಬರುವವರೆಗಿನ ತಂಗುದಾಣವಾಗಿವೆ. ಪಕ್ಷದ ಮೇಲಿನ ಮುನಿಸಿನಿಂದ ನಿಂತವರ ಕಥೆ 2024ರ ಲೋಕಸಭಾ ಚುನಾವಣೆಯಲ್ಲಿ ಕಣ್ಣೆದುರೇ ನಡೆಯಿತು: ಹಿಂದೆ ಬಿಜೆಪಿ ಸರ್ಕಾರದಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಈಶ್ವರಪ್ಪನವರು ಪಕ್ಷೇತರರಾಗಿ ಸುಮಾರು 30 ಸಾವಿರ ಮತ ಪಡೆದು ಠೇವಣಿ ಕಳೆದುಕೊಂಡರು. ಚಲಾವಣೆಯಾದ ಸಿಂಧು ಮತಗಳಲ್ಲಿ ಆರರಲ್ಲಿ ಒಂದು ಪಾಲೂ ಸಿಗದಿದ್ದರೆ ಠೇವಣಿ ಹೋಗುತ್ತದೆ. ಇನ್ನು 2013ರಲ್ಲಿ ಬಂದ ನೋಟಾ ನನಗೆ ಸಮಾಧಾನ ಕೊಡುವುದಿಲ್ಲ, ಏಕೆಂದರೆ ಅದಕ್ಕೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆದ್ದಂತೆ.

ಹೀಗಾಗಿ ನಾನು ನೋಡಬೇಕಾದದ್ದು, ನಿಂತಿರುವ ಮೂರನೆಯ ವ್ಯಕ್ತಿ ಒಂದು ಬೇಡಿಕೆಯ ಬೆನ್ನಿಗೆ ನಿಂತವರೋ ಅಥವಾ ಟಿಕೆಟ್ ತಪ್ಪಿದ ಸಿಟ್ಟಿಗೆ ನಿಂತವರೋ ಎಂಬುದನ್ನು. ಅದನ್ನು ತಿಳಿಯುವುದಾದರೂ ಹೇಗೆ? 2008ರ ಮರುವಿಂಗಡಣೆಯ ನಂತರ ಹೊಸನಗರಕ್ಕೆ ಸ್ವಂತ ವಿಧಾನಸಭಾ ಕ್ಷೇತ್ರವೇ ಇಲ್ಲ; ಸಾಗರ ಮತ್ತು ತೀರ್ಥಹಳ್ಳಿಗೆ ಹಂಚಿಹೋದ ನಾವು ಎರಡಕ್ಕೂ ಅಂಚಿನವರು, ಕಾರಿಗೆ ಡೀಸೆಲ್ ಹಾಕಿಸಲೂ ಲೆಕ್ಕ ನೋಡುವ ಸಣ್ಣ ಅಭ್ಯರ್ಥಿ ನಮ್ಮ ಕೇರಿಯವರೆಗೆ ಬರಲಾರ. ಅಭ್ಯರ್ಥಿಗಳ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆಯಾದರೂ ನಮ್ಮಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಉಳಿಯುವುದು ಪತ್ರಿಕೆ. ಪತ್ರಿಕೆಗಳಲ್ಲಿ ದೊಡ್ಡ ಪಕ್ಷಗಳ ಇಬ್ಬರಿಗೆ ಪುಟಗಟ್ಟಲೆ ಜಾಗ, ಮಿಕ್ಕವರೆಲ್ಲ "ಕಣದಲ್ಲಿರುವ ಇತರರು" ಎಂಬ ಒಂದು ಸಾಲಿನಲ್ಲಿ ಮುಗಿಯುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ಕಣದಲ್ಲಿರುವ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆಗಳನ್ನು ಕಳಿಸಿ, ಉತ್ತರಗಳನ್ನು ಒಂದೇ ಅಳತೆಯಲ್ಲಿ ಪ್ರಕಟಿಸಿ. ಪಂಚಾಯಿತಿಗೆ ನಿಂತವರನ್ನು ಕಾಲುಸಂಕಗಳ ಬಗ್ಗೆ ಕೇಳಿ. ತಮ್ಮ ಕ್ಷೇತ್ರದಲ್ಲಿ ಎಲ್ಲೆಲ್ಲಿ ಬೇಕೆಂಬ ಪಟ್ಟಿಯಾದರೂ ಅವರ ಬಳಿ ಇದೆಯೇ ನೋಡೋಣ. ವಿಧಾನಸಭೆಗೆ ನಿಂತವರನ್ನು ಬಗರ್‌ಹುಕುಂ ಅರ್ಜಿಗಳ ಬಗ್ಗೆ, ಶರಾವತಿ ಮುಳುಗಡೆ ಸಂತ್ರಸ್ತರ ಬಗ್ಗೆ ಕೇಳಿ. ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳಿಂದ 2006ರ ಅರಣ್ಯ ಹಕ್ಕು ಕಾಯ್ದೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಆಧಾರ ಕೇಳುತ್ತದೆ. ಅಣೆಕಟ್ಟಿಗಾಗಿ ಅರವತ್ತರ ದಶಕದಲ್ಲಿ ಊರು ಬಿಟ್ಟು ಬಂದವರು ಹೊಸ ಜಾಗದಲ್ಲಿ ಅದನ್ನು ಎಲ್ಲಿಂದ ತರಬೇಕು? ಲೋಕಸಭೆಗೆ ನಿಂತವರನ್ನು ಅಡಿಕೆ ಆಮದಿನ ಬಗ್ಗೆ ಕೇಳಿ. 2022ರಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯ, ಅಂದರೆ ಇಷ್ಟಕ್ಕಿಂತ ಅಗ್ಗಕ್ಕೆ ತರಿಸುವಂತಿಲ್ಲ ಎಂಬ, ಷರತ್ತಿಲ್ಲದೆ ಭೂತಾನದಿಂದ 17,000 ಟನ್ ಹಸಿ ಅಡಿಕೆ ತರಲು ಅನುಮತಿ ಕೊಟ್ಟಿತು. ಅದರ ಮರುವರ್ಷ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿತು. ಎರಡನ್ನೂ ಹೇಗೆ ಸಮರ್ಥಿಸುತ್ತಾರೆ ಅಥವಾ ವಿರೋಧಿಸುತ್ತಾರೆ ಎಂಬುದು ನಮಗೆ ಅವರದೇ ಮಾತಿನಲ್ಲಿ ಬೇಕು.

ಮೂರನೆಯವರಿಗೆಂದೇ ಇನ್ನೊಂದು ಪ್ರಶ್ನೆ ಇರಲಿ: ಗೆದ್ದ ಮೇಲೆ ಬೇರೆ ಪಕ್ಷದ ಜೊತೆ ಹೋಗುವ ಸಂದರ್ಭ ಬಂದರೆ ಮತ ಕೊಟ್ಟವರನ್ನು ಕೇಳುತ್ತೀರಾ, ಕೇಳುವುದಾದರೆ ಎಲ್ಲಿ, ಹೇಗೆ? ಉತ್ತರ ಕೊಡದವರ ಹೆಸರಿನ ಕೆಳಗಿನ ಜಾಗವನ್ನು ಖಾಲಿ ಬಿಟ್ಟೇ ಅಚ್ಚು ಮಾಡಿ. ಅವರು ಎಷ್ಟೇ ದೊಡ್ಡ ಪಕ್ಷದವರಾಗಿರಲಿ, ಆ ಜಾಗವನ್ನು ಜಾಹೀರಾತಿನಿಂದಾಗಲಿ ಪ್ರಚಾರ ಸಭೆಯ ಚಿತ್ರದಿಂದಾಗಲಿ ತುಂಬಬೇಡಿ.

ನಮ್ಮ ಕಡೆಗೆ ಪತ್ರಿಕೆ ಬಸ್ಸಿನಲ್ಲಿ ಬಂದು, ಅಂಗಡಿಯಿಂದ ಮನೆಗೆ, ಮನೆಯಿಂದ ನೆರೆಮನೆಗೆ ಹೋಗುವಾಗ ದಿನಗಳು ಕಳೆದಿರುತ್ತವೆ. ಆದ್ದರಿಂದ ಮತದಾನಕ್ಕೆ ಕನಿಷ್ಠ ಹತ್ತು ದಿನ ಮೊದಲು ಇದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ್ತಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ