ಮಕ್ಕಳ ಟೆನ್ಷನ್: ಅಭ್ಯಾಸ ಮೊದಲು ದೊಡ್ಡವರಿಂದ

ಪ್ರೀತಿಯ ಪೋಷಕರೇ,

ಪರೀಕ್ಷೆ ಹತ್ತಿರ ಬಂದಂತೆ ನಿಮ್ಮಲ್ಲಿ ಹಲವರು ಒಂದೇ ಮಾತು ಕೇಳುತ್ತಿದ್ದೀರಿ. ಮಕ್ಕಳಿಗೆ ಟೆನ್ಷನ್ ಜಾಸ್ತಿಯಾಗಿದೆ, ಶಾಲೆಯಲ್ಲಿ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಅಭ್ಯಾಸ) ಹೇಳಿಕೊಡಬಾರದೇ ಅಂತ. ಹೇಳಿಕೊಡಬಹುದು. ಆದರೆ ಇದನ್ನು ಮೊದಲು ಕಲಿಯಬೇಕಾದವರು ನಾವು ದೊಡ್ಡವರು ಎಂಬುದು ನನ್ನ ಅಭಿಪ್ರಾಯ.

ಸುಮ್ನೆ ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ನಡೆಯಿತು. ಅದರ ಫಲಿತಾಂಶ 2022ರಲ್ಲಿ ಹೊರಬಂತು. ಕೆಲವು ಶಾಲೆಗಳಲ್ಲಿ ಇಡೀ ತರಗತಿಗೆ ಮೈಂಡ್‌ಫುಲ್‌ನೆಸ್ ಕಲಿಸಿದರು, ಉಳಿದ ಶಾಲೆಗಳಲ್ಲಿ ಎಂದಿನಂತೆ ಪಾಠ ನಡೆಯಿತು. ಕೊನೆಗೆ ನೋಡಿದರೆ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡುತ್ತಲೇ ಇರಲಿಲ್ಲ. (ಹೋಮ್‌ವರ್ಕ್ ಅಂದರೆ ಯಾವ ದೇಶದಲ್ಲೂ ಅಷ್ಟೇ, ಅಲ್ವಾ?) ಆದರೆ ಆ ತರಬೇತಿ ಪಡೆದ ಶಿಕ್ಷಕರಲ್ಲಿ ಕೆಲಸದ ಬಳಲಿಕೆ ಸ್ವಲ್ಪ ಕಡಿಮೆಯಾಗಿತ್ತು. ನನಗೆ ಮುಖ್ಯ ಅನಿಸಿದ್ದು ಈ ಭಾಗ.

ಹಾಗೆ ನೋಡಿದರೆ, ಇಂದು ನಾವು ಕೇಳುತ್ತಿರುವ ಮೈಂಡ್‌ಫುಲ್‌ನೆಸ್ ಶುರುವಾದದ್ದೇ ದೊಡ್ಡವರಿಗಾಗಿ. ಬೌದ್ಧ ಧ್ಯಾನದಲ್ಲಿದ್ದ ಅಭ್ಯಾಸವನ್ನು ಜಾನ್ ಕಬಾಟ್-ಜಿನ್ ಎಂಬ ವಿಜ್ಞಾನಿ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ತಂದರು. ಬಹುಕಾಲದ ನೋವಿನಿಂದ ಬಳಲುವವರಿಗೆ ಅಲ್ಲಿ ಅದನ್ನು ಕಲಿಸಿದರು. ಆ ತರಬೇತಿ ಈಗ 8 ವಾರಗಳದ್ದು. ನಿಮ್ಮಿಂದ ಅಷ್ಟೆಲ್ಲ ಕೇಳುವುದಿಲ್ಲ.

ಸಂಜೆ ದಣಿದು ಮನೆಗೆ ಬರುತ್ತೀರಿ. ಮಗು ಕಡಿಮೆ ಅಂಕದ ಉತ್ತರಪತ್ರಿಕೆ ಮುಂದಿಡುತ್ತದೆ. ಮಾತು ಹೊರಡುವ ಮೊದಲೇ ಮೈ ಸಿದ್ಧವಾಗಿರುತ್ತದೆ. ಅಡ್ರಿನಲಿನ್ ಎಂಬ ಹಾರ್ಮೋನ್ ಏರಿ ಎದೆ ಹೊಡೆದುಕೊಳ್ಳುತ್ತದೆ, ದವಡೆ ಬಿಗಿಯುತ್ತದೆ. ಅಭ್ಯಾಸ ಬೇಕಿರುವುದು ಇಲ್ಲಿ. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ. ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಉಸಿರು ಬಿಡಿ. ಉಸಿರು ಹೊರಹೋಗುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ದೇಹ ಇರುವುದೇ ಹಾಗೆ. ಮೂರು ನಾಲ್ಕು ಸಲ ಸಾಕು. ಆಮೇಲೆ ಮನಸ್ಸಿನಲ್ಲೇ ಹೇಳಿಕೊಳ್ಳಿ: 'ನನಗೀಗ ಭಯವಾಗಿದೆ.' ನಮ್ಮ ಸಿಟ್ಟಿನ ಅಡಿಯಲ್ಲಿ ಹೆಚ್ಚಾಗಿ ಇರುವುದು ಮಗುವಿನ ಮುಂದಿನ ಬದುಕಿನ ಬಗ್ಗೆ ಭಯವೇ. 'ಇವಳು ಬದುಕಿನಲ್ಲಿ ಮುಂದೆ ಬರುವುದಿಲ್ಲ' ಎಂಬ ಯೋಚನೆ ಬಂದರೆ ಬರಲಿ. ಅದು ಬರೀ ಯೋಚನೆ, ಫಲಿತಾಂಶವಲ್ಲ. ಸಿಟ್ಟು ಪೂರ್ತಿ ಇಳಿಯದಿದ್ದರೂ ಪರವಾಗಿಲ್ಲ. ಆಡಬಾರದ ಮಾತೊಂದು ಗಂಟಲಲ್ಲೇ ಉಳಿದರೆ ಆ ಸಂಜೆಗೆ ಅಷ್ಟು ಸಾಕು.

ಇದು ಆ ಹೊತ್ತಿಗೆ ನೆನಪಾಗಬೇಕಾದರೆ ಸಮಾಧಾನವಾಗಿರುವಾಗಲೂ ಮಾಡಿ ರೂಢಿಯಾಗಿರಬೇಕು. ಪಾತ್ರೆ ತೊಳೆಯುವಾಗ ನೀರಿನ ಬಿಸಿ ಗಮನಿಸಿ. ನಡೆಯುವಾಗ ಹೆಜ್ಜೆ ಗಮನಿಸಿ. ಮನಸ್ಸು ಎಲ್ಲಿಗೋ ಓಡುತ್ತದೆ. ಓಡಿತು ಅಂತ ಗೊತ್ತಾಗಿ ವಾಪಸ್ ಬರುವುದೇ ಇಲ್ಲಿನ ಅಭ್ಯಾಸ.

ಒಂದು ವಿನಂತಿ. ಮಗು ಅಳುವಾಗ, ರೇಗುವಾಗ 'ಹೋಗು, ಕಣ್ಮುಚ್ಚಿ ಕೂತ್ಕೋ' ಅಂತ ಕಳಿಸಬೇಡಿ. ಅದು ಶಿಕ್ಷೆಯಾಗುತ್ತದೆ. ಮೊದಲು ಅದರ ಮಾತು ಕೇಳಿ. ಕೆಲವು ಮಕ್ಕಳಿಗೆ ಉಸಿರಿನ ಕಡೆ ಗಮನ ಕೊಟ್ಟರೆ ಗಾಬರಿ ಹೆಚ್ಚಾಗುತ್ತದೆ. ಅಂಥವರಿಗೆ ಕಣ್ಣು ತೆರೆದೇ ಸುತ್ತಲಿನ ಶಬ್ದ ಕೇಳಿಸಿಕೊಳ್ಳಲು ಹೇಳಬಹುದು. ಬೇಡ ಅಂದರೆ ಬಿಟ್ಟುಬಿಡಿ.

ನಿದ್ದೆಗೆಟ್ಟ ಮಗುವಿಗೆ ಬೇಕಾದದ್ದು ನಿದ್ದೆ, ಧ್ಯಾನವಲ್ಲ. ಹೊರೆ ನಮ್ಮಿಂದ ಆಗುತ್ತಿದ್ದರೆ ಅದನ್ನು ಇಳಿಸುವುದು ಶಾಲೆಯ ಕೆಲಸ. ಅದಕ್ಕೇ ಈ ತಿಂಗಳಿಂದ ಒಂದೇ ದಿನ ಎರಡು ಕಿರುಪರೀಕ್ಷೆ ಇಡುವುದಿಲ್ಲ. ಹೋಮ್‌ವರ್ಕ್‌ನಿಂದ ಮಲಗುವ ಹೊತ್ತು ಮೀರಿದರೆ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ. ಮರುದಿನ ಮಗುವನ್ನು ಯಾರೂ ಪ್ರಶ್ನಿಸುವುದಿಲ್ಲ.

ಊಟ, ನಿದ್ದೆ, ಆಟದಲ್ಲಿ ವಾರಗಟ್ಟಲೆ ಬದಲಾವಣೆ ಕಂಡರೆ, ಬದುಕೇ ಬೇಡ ಎಂಬಂಥ ಮಾತು ಒಮ್ಮೆ ಬಂದರೂ, ಉಸಿರಾಟದ ಅಭ್ಯಾಸ ನಂಬಿ ಕಾಯಬೇಡಿ. ಕೂಡಲೇ ವೈದ್ಯರನ್ನು ಕಾಣಿ, ನನಗೂ ತಿಳಿಸಿ. ಶಾಲೆ ಬಿಟ್ಟ ಮೇಲೆ ದಿನವೂ ಸ್ವಲ್ಪ ಹೊತ್ತು ಕಚೇರಿಯಲ್ಲೇ ಇರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ