ಪಿಕಪ್ ಆಮೇಲೆ, ಮೊದ್ಲು ನೆಕ್ ನೋಡು: ಮಗಳಿಗೊಂದು ಪತ್ರ

ಪುಟ್ಟಿ,

ನೀನು ಫೋನ್ ಇಟ್ಟ ಮೇಲೂ ತುಂಬ ಹೊತ್ತು ಅದೇ ತಲೇಲಿ ಓಡ್ತಿತ್ತು. ಬಾಯಲ್ಲಿ ಹೇಳಿದ್ರೆ ಅರ್ಧ ಮರ್ತುಹೋಗುತ್ತೆ ಅಂತ ಬರೀತಿದೀನಿ, ನಿನ್ನ ಹಳೇ ಟೆಲಿಕಾಸ್ಟರ್, ಅದೇ ಆ ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್, ಪಕ್ಕದಲ್ಲಿಟ್ಕೊಂಡು ಓದು. ನೀನು ಹೇಳಿದ್ದು ಮೂರು ತೊಂದ್ರೆ: ತಂತಿ ಒತ್ತೋಕೆ ಬೆರಳು ನೋಯುತ್ತೆ, ಮೊದಲ ನಾಲ್ಕೈದು ಫ್ರೆಟ್‌ನಲ್ಲಿ (ನೆಕ್ ಅಂದ್ರೆ ಗಿಟಾರ್‌ನ ಕತ್ತು, ಅದರ ಮೇಲಿನ ಲೋಹದ ಅಡ್ಡಪಟ್ಟಿಗಳೇ ಫ್ರೆಟ್) ಜಿರ್ ಅಂತ ಸದ್ದು ಬರುತ್ತೆ, ಮೇಲಿನ ಫ್ರೆಟ್‌ಗಳಿಗೆ ಹೋದ್ರೆ ಶ್ರುತಿ ಏರಿಹೋಗುತ್ತೆ. ಅದಕ್ಕೆ ಎರಡೂ ಪಿಕಪ್ ಕಿತ್ತು ಹಂಬಕರ್, ಅಂದ್ರೆ ಎರಡು ಸುರುಳಿಯ ಪಿಕಪ್, ಹಾಕಿಸ್ತೀನಿ ಅಂದೆ. ಬೇಡ ಕಣೇ, ಈಗ್ಲೇ ಬೇಡ. ಪಿಕಪ್ ಅಂದ್ರೆ ಅಯಸ್ಕಾಂತದ ಸುತ್ತ ಸುತ್ತಿರೋ ತಾಮ್ರದ ಎಳೆ, ಮೇಲಿರೋ ತಂತಿ ಹೆಂಗೆ ಅದುರುತ್ತೋ ಹಂಗೇ ಕರೆಂಟ್ ಮಾಡಿ ಆಂಪ್‌ಗೆ ಕಳಿಸುತ್ತೆ, ಅದುರೋದೇ ಫ್ರೆಟ್‌ಗೆ ಬಡ್ಕೊಂಡು ಅದುರ್ತಿದ್ರೆ ಪಿಕಪ್ ಏನು ಮಾಡುತ್ತೆ ಹೇಳು.

ನೀನು ಮಾತಿನ ಮಧ್ಯೆ ಒಂದು ವಿಷಯ ಹೇಳಿದ್ದೆ, ಗಿಟಾರ್ ತಂದ ವಾರದಲ್ಲೇ 10ರ ತಂತಿ ಸೆಟ್ ತೆಗೆದು 9ರ ಸೆಟ್ ಹಾಕ್ದೆ (ಆ ನಂಬರ್ ತೆಳು ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ), ಆಮೇಲೆ ಜಿರ್ ಶುರುವಾಯ್ತು, ಅದು ನಿಲ್ಲಲಿ ಅಂತ ಬಾಡಿ ಮೇಲಿನ ಬ್ರಿಡ್ಜ್‌ನಲ್ಲಿ ತಂತಿ ಕೂರೋ ಸ್ಯಾಡಲ್‌ಗಳನ್ನ ಮೇಲೆ ಎತ್ತಿದೆ ಅಂತ. ನಂಗೆ ಅಲ್ಲೇ ಅನುಮಾನ ಬಂತು. 25.5 ಇಂಚಿನ ಸ್ಕೇಲ್, ಅಂದ್ರೆ ಅದುರೋ ತಂತಿಯ ಉದ್ದ, ಇರೋ ಗಿಟಾರ್‌ನಲ್ಲಿ 10ರ ಸೆಟ್ ಸುಮಾರು 47 ಕೆಜಿ ಬಲದಲ್ಲಿ ನೆಕ್ ಎಳೀತಿರುತ್ತೆ, 9ರದ್ದು 38-39 ಕೆಜಿ ಅಷ್ಟೇ. ಆ ಎಳೆತಕ್ಕೆ ಎದುರಾಗಿ ನೆಕ್ ಒಳಗೆ ಟ್ರಸ್ ರಾಡ್ ಅಂತ ಕಬ್ಬಿಣದ ಸರಳು ಹಿಡ್ಕೊಂಡಿರುತ್ತೆ. ಒಂದು ಕಡೆ ಎಂಟು ಕೆಜಿ ಕಮ್ಮಿ ಆಯ್ತು, ಇನ್ನೊಂದು ಕಡೆ ಸರಳು ಮೊದಲಿನಷ್ಟೇ ಬಿಗಿ, ನೆಕ್ ಹಿಂದಕ್ಕೆ ಬಾಗಿದೆ. ಹಿಂದಕ್ಕೆ ಬಾಗಿದ್ರೆ ಜಿರ್ ಬರೋದು ಮೊದಲ ಫ್ರೆಟ್‌ಗಳಲ್ಲೇ. ನೀನು ಸ್ಯಾಡಲ್ ಎತ್ತಿದ್ದಕ್ಕೆ ತಂತಿ ಎತ್ತರ ಆಗಿ ಬೆರಳು ನೋವು, ಎತ್ತರದ ತಂತೀನ ಅಷ್ಟು ಕೆಳಗೆ ಒತ್ತಿದಾಗ ಅದು ಇನ್ನಷ್ಟು ಎಳೆದು ಶ್ರುತಿ ಏರೋದು. ಮೂರೂ ಒಂದೇ ಬೇರಿಂದ ಬಂದಿದೆ ಅನ್ನೋದು ನನ್ನ ಊಹೆ, ಅಳೆದು ನೋಡಿದ್ರೆ ಖಾತ್ರಿಯಾಗುತ್ತೆ.

ಅಳೆಯೋದು ಹೀಗೆ. ಸರಿಯಾಗಿ ಟ್ಯೂನ್ ಮಾಡಿ, ನುಡಿಸೋ ಹಾಗೇ ಹಿಡ್ಕೊಂಡು, ದಪ್ಪ ಇ ತಂತೀನ ಮೊದಲನೇ ಫ್ರೆಟ್‌ನಲ್ಲಿ ಒತ್ತು, ಕೊನೇ ಫ್ರೆಟ್‌ನಲ್ಲೂ ಒತ್ತು. ಈಗ ಆ ತಂತಿನೇ ನಿನ್ನ ನೇರ ಪಟ್ಟಿ. ಏಳು-ಎಂಟನೇ ಫ್ರೆಟ್ ಹತ್ರ ತಂತಿಗೂ ಫ್ರೆಟ್‌ಗೂ ಮಧ್ಯೆ ಸಣ್ಣ ಸಂದಿ ಇರ್ಬೇಕು, ಸುಮಾರು 0.25 ಮಿಲಿಮೀಟರ್. ಸಂದಿ ಅಳೆಯೋ ಫೀಲರ್ ಗೇಜ್ ಇಲ್ಲ ಅಂತ ಯೋಚ್ನೆ ಮಾಡ್ಬೇಡ, ನೀನು ತೆಗೆದಿಟ್ಟ 10ರ ಸೆಟ್‌ನ ತೆಳು ತಂತಿ ದಪ್ಪ ಸರಿಯಾಗಿ 0.25 ಮಿಲಿಮೀಟರ್! ಅದರ ತುಂಡು ಆ ಸಂದೀಲಿ ತೂರಿಸು. ತೂರ್ಲೇ ಇಲ್ಲ, ತಂತಿ ಫ್ರೆಟ್ ಮೇಲೆ ಮಲಗೇ ಇದೆ ಅಂದ್ರೆ ನನ್ನ ಊಹೆ ಸರಿ.

ಆಗ ಟ್ರಸ್ ರಾಡ್ ಸಡಿಲ ಮಾಡ್ಬೇಕು. ಹೆಡ್‌ಸ್ಟಾಕ್‌ನಲ್ಲಿ, ಅಂದ್ರೆ ನೆಕ್ ತುದಿಯ ತಲೇಲಿ, ಅಲೆನ್ ಕೀ ಹಾಕೋ ತೂತು ಕಾಣ್ತಿಲ್ಲ ಅಂದೆಯಲ್ಲ, ಹಳೇ ಟೆಲಿಕಾಸ್ಟರ್‌ಗಳಲ್ಲಿ ಆ ತಿರುಪು ನೆಕ್‌ನ ಬುಡದಲ್ಲಿರುತ್ತೆ, ಬಾಡಿ ಒಳಗೆ ಅಡಗಿರುತ್ತೆ. ತಂತಿ ಪೂರ್ತಿ ಸಡಿಲ ಮಾಡಿ, ಹಿಂದಿನ ನಾಲ್ಕು ಸ್ಕ್ರೂ ತೆಗೆದು ನೆಕ್ ಬಿಡಿಸು. ಪೇಂಟ್ ಅಂಟ್ಕೊಂಡಿದ್ರೆ ಮೀಟಿ ಎಬ್ಬಿಸ್ಬೇಡ, ಮೆಲ್ಲಗೆ ಅಲ್ಲಾಡಿಸು. ಸ್ಲಾಟ್‌ಗೆ ಸರಿಯಾಗಿ ಕೂರೋ ಸ್ಕ್ರೂಡ್ರೈವರ್ ತಗೊಂಡು ಎಡಕ್ಕೆ, ಅಂದ್ರೆ ಗಡಿಯಾರಕ್ಕೆ ಉಲ್ಟಾ, ಕಾಲು ಸುತ್ತು. ಕಾಲು ಅಷ್ಟೇ. ವಾಪಸ್ ಸ್ಕ್ರೂ ಹಾಕುವಾಗ ಮೊದ್ಲು ಪ್ರತಿಯೊಂದನ್ನೂ ಉಲ್ಟಾ ತಿರುಗಿಸು, ಟಕ್ ಅಂತ ಹಳೇ ದಾರಿಗೆ ಬಿದ್ದಿದ್ದು ಕೈಗೆ ಗೊತ್ತಾಗುತ್ತೆ, ಆಮೇಲೆ ಬಿಗಿ ಮಾಡು, ಇಲ್ದಿದ್ರೆ ಮರದಲ್ಲಿ ಹೊಸ ದಾರಿ ಕೊರೆದು ಹಿಡಿತಾನೇ ಹೋಗುತ್ತೆ. ಮತ್ತೆ ಟ್ಯೂನ್ ಮಾಡಿ, ಮತ್ತೆ ಅಳೆ. ಎರಡು-ಮೂರು ಸಲ ಬಿಚ್ಚಿ ಹಾಕೋದು ಬೇಜಾರಿನ ಕೆಲ್ಸ, ಗೊತ್ತು. ಮಾಡು.

ನೆಕ್ ಬಿಚ್ಚಿದಾಗ್ಲೇ ಇನ್ನೊಂದು ಕೆಲ್ಸ ಆಗುತ್ತೆ. ಮಾರಿದವರು ಇದು 1977ರದ್ದು ಅಂದ್ರು, ಹೆಡ್‌ಸ್ಟಾಕ್ ಮೇಲೆ ನಂಬರ್ ಎಸ್7 ಅಂತ ಶುರುವಾಗುತ್ತೆ ಅಂದೆ. ಫೆಂಡರ್‌ನವರು 1976ರಲ್ಲಿ ನಂಬರ್‌ನ ಹೆಡ್‌ಸ್ಟಾಕ್‌ಗೆ ತಂದ್ರು, ಎಸ್ ಅಂದ್ರೆ ಎಪ್ಪತ್ತರ ದಶಕ, ಇ ಎಂಬತ್ತರದ್ದು, ಎನ್ ತೊಂಬತ್ತರದ್ದು, ಸೋ ಲೆಕ್ಕ ಸರಿ ಬರುತ್ತೆ. ಆದ್ರೆ ಆ ನಂಬರ್ ಹೇಳೋದು ನೆಕ್ ವಯಸ್ಸು ಮಾತ್ರ. ನಾಲ್ಕು ಸ್ಕ್ರೂ ಬಿಚ್ಚಿದ್ರೆ ನೆಕ್ ಬೇರೆ ಬಾಡಿಗೆ ಹೋಗುತ್ತಲ್ಲ. ಅದಕ್ಕೆ ನೆಕ್ ಬುಡದಲ್ಲಿ ಸೀಲೋ ಪೆನ್ಸಿಲ್ ಗುರುತೋ ಇದ್ರೆ ಫೋಟೋ ತೆಗಿ. ಆಮೇಲೆ ನಾಬ್‌ಗಳಿರೋ ಆ ಲೋಹದ ಪ್ಲೇಟ್‌ನ ಎರಡೇ ಸ್ಕ್ರೂ ಬಿಚ್ಚಿದ್ರೆ ಪಾಟ್‌ಗಳು, ಅಂದ್ರೆ ನಾಬ್ ಕೆಳಗಿರೋ ವಾಲ್ಯೂಮ್, ಟೋನ್ ಕಂಟ್ರೋಲ್‌ಗಳು, ಮೇಲೆ ಬರ್ತವೆ, ಅದರ ಬೆನ್ನ ಮೇಲೆ ಅಂಕಿ ಇರುತ್ತೆ. ಉದಾಹರಣೆಗೆ 1377633 ಅಂತಿದ್ರೆ, 137 ಅನ್ನೋದು ಸಿಟಿಎಸ್ ಕಂಪನಿ, 76 ವರ್ಷ, 33 ಅಂದ್ರೆ ಆ ವರ್ಷದ 33ನೇ ವಾರ. ಪಾಟ್ ಆಗಿದ್ದು ಆಗ, ಗಿಟಾರ್ ಅದಕ್ಕಿಂತ ಆಮೇಲಿಂದು, ಸ್ಟಾಕ್‌ನಲ್ಲಿ ಎಷ್ಟು ದಿನ ಬಿದ್ದಿತ್ತೋ. ಬೆಸುಗೆನೂ ನೋಡು, ಒಂದೇ ಸಲ ಹಾಕಿ ಬಿಟ್ಟ ಬೆಸುಗೆಗೂ ಮತ್ತೆ ಮತ್ತೆ ಕಾಯಿಸಿ ಮುದ್ದೆ ಆಗಿರೋದಕ್ಕೂ ಕಣ್ಣಿಗೇ ವ್ಯತ್ಯಾಸ ಕಾಣುತ್ತೆ. ಎಲ್ಲ ಒಂದೇ ಕಾಲದ್ದಾಗಿ, ಯಾರೂ ಮುಟ್ಟದೇ ಇದ್ರೆ, ಆ ಪಿಕಪ್ ಕೀಳೋ ಯೋಚ್ನೆನೇ ಬಿಟ್ಬಿಡು. ನಿನ್ನ ಬ್ರಿಡ್ಜ್ ಜಾಗಕ್ಕೆ ದೊಡ್ಡ ಹಂಬಕರ್ ಕೂರ್ಬೇಕು ಅಂದ್ರೆ ಮರ ಕೊರೀಬೇಕು.

ಮರ ಕೊರೆಯೋದರ ಬಗ್ಗೆ ನಂಗೆ ಗೊತ್ತು. ನಿನ್ನ ವಯಸ್ಸಲ್ಲಿ ನನ್ನ ಪ್ರಿಸಿಷನ್ ಬೇಸ್ ಗಿಟಾರ್‌ಗೆ ಬ್ರಿಡ್ಜ್ ಹತ್ರ ಇನ್ನೊಂದು ಪಿಕಪ್ ಬೇಕು ಅಂತ ರೌಟರ್ ಮಷೀನ್ ಹಾಕಿ ಮರ ತೋಡಿಸ್ದೆ, ಹಳೇ ಪಾಟ್, ಹಳೇ ವೈರಿಂಗ್ ಎಲ್ಲ ಬಿಸಾಕಿದೆ. ಎರಡು ವರ್ಷ ಆದ್ಮೇಲೆ ಗೊತ್ತಾಯ್ತು ನಂಗೆ ಬೇಕಾಗಿದ್ದ ಸದ್ದು ಅದರ ಮೊದಲಿನ ಎರಡು ತುಂಡಿನ ಸ್ಪ್ಲಿಟ್ ಪಿಕಪ್‌ನಲ್ಲೇ ಇತ್ತು, ನಾನು ಅದನ್ನ ಸರಿಯಾಗಿ ಸೆಟಪ್ ಮಾಡಿ ಒಂದು ದಿನನೂ ಕೇಳಿರ್ಲಿಲ್ಲ. ಆ ಗುಂಡಿ ಇವತ್ತೂ ಇದೆ, ನೀನು ಚಿಕ್ಕೋಳಿದ್ದಾಗ ಅದರೊಳಗೆ ಬೆರಳು ಹಾಕಿ ಆಡ್ತಿದ್ದೆ. ಟ್ಯೂನರ್, ಪಾಟ್, ಅದೇ ಅಳತೆಯ ಪಿಕಪ್, ಇವೆಲ್ಲ ಬದಲಾಯಿಸಿದ್ರೂ ವಾಪಸ್ ಹಾಕ್ಬೋದು, ಹಳೇದನ್ನ ಹೆಸರು ಬರೆದು ಡಬ್ಬೀಲಿ ಇಡು, ವೈರ್ ಬಿಚ್ಚೋಕೆ ಮುಂಚೆ ಫೋಟೋ ತೆಗಿ. ಕೊರೆದಿದ್ದು, ಬಣ್ಣ ಕೆರೆದಿದ್ದು ಮಾತ್ರ ವಾಪಸ್ ಬರಲ್ಲ.

ನೆಕ್ ಸರಿಯಾದ್ಮೇಲೆ ಎತ್ತಿದ ಸ್ಯಾಡಲ್ ಇಳಿಸು. ಹನ್ನೆರಡನೇ ಫ್ರೆಟ್ ಮೇಲೆ ತಂತಿ ತಳಕ್ಕೆ ಸುಮಾರು 1.6 ಮಿಲಿಮೀಟರ್ ಬಂದ್ರೆ ಒಳ್ಳೇ ಆರಂಭ. ಇದಕ್ಕೂ ಗೇಜ್ ಬೇಡ, ನನ್ನ ಬೇಸ್‌ನ 65ರ ತಂತಿ 1.65 ಮಿಲಿಮೀಟರ್ ದಪ್ಪ, ಅದರ ತುಂಡು ಕಳಿಸ್ತಿದೀನಿ. ಅದೂ ಆದ್ಮೇಲೆ ಇಂಟೊನೇಷನ್, ಅಂದ್ರೆ ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಸರಿ ಬರೋ ಹಾಗೆ ಮಾಡೋದು, ಮುಂಚೆ ಮಾಡಿದ್ರೆ ಮತ್ತೆ ಕೆಡುತ್ತೆ. ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್‌ಗೂ (ಒತ್ತದೇ ಬೆರಳು ತಾಗಿಸಿ ಮೀಟಿದ ಸ್ವರ) ಅಲ್ಲೇ ಒತ್ತಿದ ಸ್ವರಕ್ಕೂ ಟ್ಯೂನರ್‌ನಲ್ಲಿ ಹೋಲಿಸು: ಒತ್ತಿದ್ದು ಏರಿದ್ರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ರೆ ಮುಂದಕ್ಕೆ. ನಿಂದು ಮೂರೇ ಸ್ಯಾಡಲ್ ಇರೋ ಬ್ರಿಡ್ಜ್, ಒಂದೊಂದರ ಮೇಲೆ ಎರಡು ತಂತಿ, ಎರಡನ್ನೂ ಪೂರ್ತಿ ಸರಿ ಮಾಡೋಕಾಗಲ್ಲ, ಒಂದು ಕೂದಲೆಳೆ ಏರಿ ಇನ್ನೊಂದು ಅಷ್ಟೇ ಇಳಿದಿರೋ ಜಾಗದಲ್ಲಿ ನಿಲ್ಲಿಸು.

ದಪ್ಪ ತಂತಿ ಎಷ್ಟು ಮಾಡಿದ್ರೂ ಸೇರ್ತಿಲ್ಲ, ಮೇಲ್ಗಡೆ ಎರಡು ಸ್ವರ ಒಟ್ಟಿಗೆ ಅಲೆದಂಗೆ ಕೇಳುತ್ತೆ ಅಂದ್ರೆ ನೆಕ್ ಕಡೆಯ ಪಿಕಪ್ ತಂತಿಗೆ ತೀರಾ ಹತ್ರ ಇದೆ, ಅಯಸ್ಕಾಂತ ತಂತೀನ ಎಳೀತಿದೆ. ಒಬ್ಬ ಗೆಳತಿಯ ಗಿಟಾರ್‌ನಲ್ಲಿ ಇದು ಗೊತ್ತಾಗದೇ ಎರಡು ಸಂಜೆ ಸ್ಯಾಡಲ್ ಹಿಂದೆ ಮುಂದೆ ಮಾಡಿದೀನಿ, ಕೊನೆಗೆ ಪಿಕಪ್ ಎರಡು ಸುತ್ತು ಇಳಿಸಿದ ತಕ್ಷಣ ಸ್ವರ ನೆಟ್ಟಗೆ ನಿಂತ್ಕೊಳ್ತು. ಕೊನೇ ಫ್ರೆಟ್ ಒತ್ತಿ, ತಂತಿ ತಳದಿಂದ ಅಯಸ್ಕಾಂತಕ್ಕೆ ದಪ್ಪ ಕಡೆ ಎರಡೂವರೆ ಮಿಲಿಮೀಟರ್, ತೆಳು ಕಡೆ ಎರಡು ಇಟ್ಟು ಶುರು ಮಾಡು. ಇಲ್ಲಿ ಮಾತ್ರ ತಂತಿ ತುಂಡಲ್ಲಿ ಅಳೀಬೇಡ, ಅಯಸ್ಕಾಂತಕ್ಕೆ ಅಂಟ್ಕೊಳ್ಳುತ್ತೆ, ಪ್ಲಾಸ್ಟಿಕ್ ಸ್ಕೇಲ್ ಇಡು.

ಬೇಸ್ ಬೇಕು ಅಂದೆಯಲ್ಲ, ಖಂಡಿತ ತಗೊಂಡು ಹೋಗು. 34 ಇಂಚಿನ ಸ್ಕೇಲ್, ತಂತಿ ಜಾಸ್ತಿ ಅಗಲಕ್ಕೆ ಅದುರುತ್ತೆ, ಅದಕ್ಕೆ ನೆಕ್ ಸಂದಿ 0.3, ಹನ್ನೆರಡನೇ ಫ್ರೆಟ್‌ನಲ್ಲಿ ಎರಡು ಮಿಲಿಮೀಟರ್ ಮೇಲೇ ಇರ್ಲಿ, ಗಿಟಾರ್ ಲೆಕ್ಕದಲ್ಲಿ ಇಳಿಸ್ಬೇಡ. ಗುಂಡಿ ಮುಚ್ಚೋಕೆ ಪ್ಲೇಟ್ ಬೇಕಾದ್ರೆ ಹಾಕ್ಕೋ.

ಪೊಟ್ಟಣದಲ್ಲಿ 65ರ ತುಂಡು, 80ರ ತುಂಡು ಎರಡಕ್ಕೂ ಟೇಪ್ ಸುತ್ತಿ ಅಳತೆ ಬರ್ದಿದೀನಿ, 80ರದ್ದು ಎರಡು ಮಿಲಿಮೀಟರ್, ಬೇಸ್‌ಗೆ. ನೆಕ್ ಬಿಚ್ಚೋ ದಿನ ವಿಡಿಯೋ ಕಾಲ್ ಮಾಡು, ಆ ಬುಡದಲ್ಲಿ ಏನು ಬರೆದಿದೆ ಅಂತ ನಂಗೂ ನೋಡ್ಬೇಕು.

ಅಮ್ಮ