ನುಸಿಗುಳಿಗೆಯ ಹಸಿರು

ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪಿಎಚ್‌ಡಿ ವಿಷಯ ಖಾಯಂ ಆಯಿತಂತೆ, ಅಕ್ಕ ಫೋನ್ ಮಾಡಿದ್ದಳು. ಸಾವಯವ ಅಣುಗಳ ತೆಳು ಪದರಕ್ಕೆ ಪೊಟ್ಯಾಸಿಯಮ್ ಸೇರಿಸಿ ಏನಾಗುತ್ತದೆ ಅಂತ ನೋಡುವ ಕೆಲಸ. ಖುಷಿಗೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಿಲಿಕಾನ್ ಪಾಠವನ್ನು ಸ್ವಲ್ಪ ಪಕ್ಕಕ್ಕಿಡು. ಅಲ್ಲಿ ಹತ್ತು ಲಕ್ಷ ಪರಮಾಣುಗಳಲ್ಲಿ ಒಂದರ ಜಾಗಕ್ಕೆ ರಂಜಕ ಬಂದರೂ ಸಾಕು, ಕರೆಂಟು ಹರಿಯುವ ರೀತಿಯೇ ಬದಲಾಗುತ್ತದೆ. ನಿನ್ನ ಪದರದಲ್ಲಿ ಪೊಟ್ಯಾಸಿಯಮ್ ಯಾರ ಜಾಗವನ್ನೂ ಕಿತ್ತುಕೊಳ್ಳುವುದಿಲ್ಲ. ಅಣುಗಳ ನಡುವಿನ ಸಂದಿಯಲ್ಲಿ ಕೂತು, ತನ್ನ ಹೊರಗಿನ ಎಲೆಕ್ಟ್ರಾನನ್ನು ಪಕ್ಕದ ಅಣುವಿಗೆ ಕೊಟ್ಟುಬಿಡುತ್ತದೆ. ಆ ಎಲೆಕ್ಟ್ರಾನ್ ಅಣುವಿನ ಖಾಲಿ ಶಕ್ತಿಮಟ್ಟಗಳಲ್ಲಿ ಎಲ್ಲಕ್ಕಿಂತ ಕೆಳಗಿನದಕ್ಕೆ, ಅಂದರೆ ಲೂಮೋಗೆ ಹೋಗುತ್ತದೆ. ಇಷ್ಟಕ್ಕೇ ನಿಲ್ಲಬೇಡ.

ಅಜ್ಜಿಮನೆಯ ಹಗ್ಗದ ಮಂಚ ನೆನಪಿದೆಯಾ? ಕಲ್ಲಿನ ಜಗುಲಿಯ ಮೇಲೆ ಯಾರು ಕೂತರೂ ಅದು ಹಾಗೇ ಇರುತ್ತದೆ. ಮಂಚದ ಮೇಲೆ ಕೂತರೆ ಹಗ್ಗ ಜಗ್ಗುತ್ತದೆ. ಅಣು ಹಗ್ಗದ ಮಂಚದ ಜಾತಿ. ಎಲೆಕ್ಟ್ರಾನ್ ಬಂದರೆ ಕೆಲವು ಬಂಧ ಉದ್ದವಾಗುತ್ತವೆ, ಕೆಲವು ಗಿಡ್ಡವಾಗುತ್ತವೆ. ಎಲೆಕ್ಟ್ರಾನ್ ಕೂತ ಮಟ್ಟವೇ ಕೆಳಗಿಳಿಯುತ್ತದೆ. ತುಂಬಿದ ಮಟ್ಟಗಳಿಗೂ ಖಾಲಿ ಮಟ್ಟಗಳಿಗೂ ನಡುವೆ ಮೊದಲು ಏನೂ ಇಲ್ಲದ ಗ್ಯಾಪ್‌ನಲ್ಲಿ ಹೊಸ ಮಟ್ಟ ಕಾಣಿಸುತ್ತದೆ. ಫೋಟೋಎಮಿಷನ್‌ನಲ್ಲಿ, ಅಂದರೆ ಬೆಳಕು ಬಿಟ್ಟು ಹೊರಬರುವ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುವಾಗ, ನಿನಗೆ ಮೊದಲು ಸಿಗುವುದು ಇದೇ.

ಅರವತ್ತು ಇಂಗಾಲದ ಪರಮಾಣುಗಳು ಚೆಂಡಿನಂತೆ ಕೂಡಿದ ಅಣು ಸಿ60, ಅದರ ಕಥೆಯನ್ನು ಚೆನ್ನಾಗಿ ಓದಿಕೋ. ಅದರ ಲೂಮೋದಲ್ಲಿ ಒಂದೇ ಶಕ್ತಿಯ ಮೂರು ಮಟ್ಟಗಳಿವೆ, ಆರು ಎಲೆಕ್ಟ್ರಾನ್ ಹಿಡಿಸುತ್ತವೆ. ಒಂದೊಂದು ಅಣುವಿಗೆ ಮೂರು ಪೊಟ್ಯಾಸಿಯಮ್ ಸೇರಿದರೆ ಮಟ್ಟ ಅರ್ಧ ತುಂಬುತ್ತದೆ, ವಸ್ತು ಲೋಹವಾಗುತ್ತದೆ. 1991ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಇದು ಸುಮಾರು 18 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್, ಅಂದರೆ ಕರೆಂಟಿಗೆ ತಡೆಯೇ ಇಲ್ಲದ ವಸ್ತು, ಆಗುವುದನ್ನು ತೋರಿಸಿದರು. ಆರು ಸೇರಿಸಿದರೆ ಮಟ್ಟ ಪೂರ್ತಿ ತುಂಬಿ ಮತ್ತೆ ಅವಾಹಕ. ಇಲ್ಲಿವರೆಗೆ ಲೆಕ್ಕ ಸರಿಯಾಗಿ ಕೂಡುತ್ತದೆ, ಅಲ್ವಾ? ಈಗ ನಾಲ್ಕು ಸೇರಿಸು. ಮಟ್ಟ ಪೂರ್ತಿ ತುಂಬಿಲ್ಲ, ಸುಮ್ನೆ ಲೆಕ್ಕ ಹಾಕಿದರೆ ಲೋಹ ಆಗಬೇಕು. ಆದರೆ ಅದು ಅವಾಹಕ! ಅಣು ತನ್ನ ಆಕಾರವನ್ನೇ ಸ್ವಲ್ಪ ಬದಲಿಸಿಕೊಂಡು ಆ ಮೂರು ಮಟ್ಟಗಳನ್ನು ಬೇರೆ ಮಾಡುತ್ತದೆ. ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂಡುವುದೂ ಅದಕ್ಕೆ ಸೇರಿಕೊಳ್ಳುತ್ತದೆ. ಪೊಟ್ಯಾಸಿಯಮ್ ಜಾತಿಯದೇ ಲೋಹವಾದ ಸೀಸಿಯಮ್‌ನದು ಇನ್ನೂ ಸೊಗಸು. ಅದರ ಪರಮಾಣು ದೊಡ್ಡದು, ಅಣುಗಳನ್ನು ದೂರ ಸರಿಸುತ್ತದೆ. ಮೂರು ಸೀಸಿಯಮ್ ಇದ್ದರೂ ಎಲೆಕ್ಟ್ರಾನ್ ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಲಾಗದೆ ನಿಂತುಬಿಡುತ್ತದೆ. ಒತ್ತಡ ಹಾಕಿ ಅಣುಗಳನ್ನು ಹತ್ತಿರ ತಂದರೆ 38 ಕೆಲ್ವಿನ್‌ನಲ್ಲೇ ಸೂಪರ್‌ಕಂಡಕ್ಟರ್! ಇದನ್ನು ಓದಿದಾಗಲೆಲ್ಲ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಅದಕ್ಕೇ ಹೇಳುವುದು, ಎಷ್ಟು ಲೋಹ ಹಾಕಿದೆ ಅನ್ನುವುದಕ್ಕಿಂತ ಅಣುವಿಗೆ ಎಷ್ಟು ಎಲೆಕ್ಟ್ರಾನ್ ತಲುಪಿತು ಅಂತ ನೋಡು. ಎರಡೂ ಒಂದೇ ಅಲ್ಲ. ಸಿ60ಯಲ್ಲಿ ರಾಮನ್ ರೋಹಿತದಿಂದಲೇ, ಅಂದರೆ ಚದುರಿದ ಬೆಳಕಿನಲ್ಲಿ ಅಣುವಿನ ಕಂಪನಗಳನ್ನು ಗೆರೆಗಳಾಗಿ ತೋರಿಸುವ ಅಳತೆಯಿಂದಲೇ, ಎಣಿಸಬಹುದು. ಪ್ರತಿ ಸೆಂಟಿಮೀಟರ್‌ಗೆ 1469 ಅಲೆಗಳ ಲೆಕ್ಕದಲ್ಲಿ ಸಿಗುವ ಗೆರೆ ಒಂದೊಂದು ಎಲೆಕ್ಟ್ರಾನಿಗೆ ಅದೇ ಲೆಕ್ಕದಲ್ಲಿ ಸುಮಾರು 6ರಷ್ಟು ಕೆಳಗಿಳಿಯುತ್ತದೆ. ನಿನ್ನ ಅಣುವಿನಲ್ಲೂ ಅಂಥ ಒಂದು ಗೆರೆ ಹುಡುಕಿಕೋ. ಲೋಹವನ್ನು ಸ್ವಲ್ಪ ಸ್ವಲ್ಪವೇ ಸೇರಿಸು, ಪ್ರತಿ ಸಲವೂ ಅಳೆ.

ಎಂಎಸ್ಸಿಯಲ್ಲಿ ನಾನು ನುಸಿಗುಳಿಗೆಯ ನ್ಯಾಫ್ತಲೀನ್‌ಗೆ ಸೋಡಿಯಮ್ ಸೇರಿಸಿದ್ದೆ. ಬಣ್ಣವೇ ಇಲ್ಲದ ದ್ರಾವಣ ಕಡು ಹಸಿರಾಯಿತು. ಒಂದು ಎಲೆಕ್ಟ್ರಾನ್ ಬಂದದ್ದಕ್ಕೆ ಅಷ್ಟು ಬಣ್ಣ! ಗೆಳೆಯನಿಗೆ ತೋರಿಸುವ ಆತುರದಲ್ಲಿ ಬಿರಡೆ ತೆಗೆದೆ. ನೋಡನೋಡುತ್ತ ಹಸಿರು ಮಾಯ. ಗಾಳಿಯ ಆಮ್ಲಜನಕ, ತೇವ ಎರಡೂ ಆ ಎಲೆಕ್ಟ್ರಾನನ್ನು ಕಿತ್ತುಕೊಂಡವು. ಮೂರು ದಿನದ ಕೆಲಸ ಹೋಯಿತು. ನಿನ್ನ ಪದರಕ್ಕೂ ಇದೇ ಅಪಾಯ. ವ್ಯಾಕ್ಯೂಮ್ ಎಷ್ಟಿತ್ತು, ಎಷ್ಟು ಹೊತ್ತಾಯಿತು, ಎಲ್ಲ ಆಗಲೇ ಬರೆದಿಡು. ಇನ್ನೊಂದು ಮಾತು, ಹಳದಿ ಕಟ್ಟಿದ ಹಳೆಯ ಪೊಟ್ಯಾಸಿಯಮ್ ತುಂಡಿಗೆ ಚಾಕು ಹಾಕಬೇಡ. ಸಿಡಿಯುತ್ತದೆ. ಇದು ಮಾವನ ಕಟ್ಟಪ್ಪಣೆ ಅಂದುಕೋ.

2010ರಲ್ಲಿ ಜಪಾನಿನ ಒಕಾಯಾಮಾದ ತಂಡ, ಐದು ಬೆಂಜೀನ್ ಉಂಗುರಗಳು ಕೂಡಿದ ಪಿಸೀನ್ ಅನ್ನುವ ಸಾವಯವ ಅಣುವಿಗೆ ಪೊಟ್ಯಾಸಿಯಮ್ ಸೇರಿಸಿದಾಗ 18 ಕೆಲ್ವಿನ್‌ವರೆಗೆ ಸೂಪರ್‌ಕಂಡಕ್ಟರ್ ಗುಣ ಸಿಕ್ಕಿತು ಅಂತ ಪ್ರಕಟಿಸಿತು. ಬೇರೆಯವರು ಪ್ರಯತ್ನಿಸಿದಾಗ ಅದು ಸುಲಭಕ್ಕೆ ಕೈಗೆ ಹತ್ತಲಿಲ್ಲ. ಕೆಲವರ ಪದರಗಳಲ್ಲಿ ಫೋಟೋಎಮಿಷನ್ ಮಾಡಿದರೆ ಲೋಹದ ಗುರುತೇ ಕಾಣಲಿಲ್ಲ. ನಿನ್ನ ಗೈಡ್ ಬೇಗ ಬರೆದು ಕಳಿಸು ಅಂದರೂ, ಒಂದೇ ಸ್ಯಾಂಪಲ್ ನಂಬಿ ಬರೆಯಬೇಡ ಮಗಳೇ. ಹೊಸದಾಗಿ ಮೂರು ಮಾಡು, ಮೂರೂ ಒಂದೇ ಮಾತು ಹೇಳುತ್ತವಾ ನೋಡು.

ದೀಪಾವಳಿಗೆ ಬರುವಾಗ ಲ್ಯಾಬ್ ನೋಟ್‌ಬುಕ್ ತಗೊಂಡು ಬಾ. ಮೊದಲ ರಾಮನ್ ಗೆರೆಯನ್ನು ನಾನೂ ನೋಡಬೇಕು.

ನಿನ್ನ
ಮಾವ